‘ಓಟಿಪಿ ಆಯಾ ಕ್ಯಾ?’

ಮುಂಬಯಿಯ ಜನರಲ್ ಪೋಸ್ಟ್ ಆಫೀಸಿನ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲ್ ಗುಮ್ಮಟ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಆ ಅಂಚೆ ಕಟ್ಟಡ 1913ರಲ್ಲಿ ಮುಗಿಯಿತು. ಈ ಲೇಖನಕ್ಕೆ ಬೇಕಾದವರು ಮಾತ್ರ ಗುಮ್ಮಟದ ಕೆಳಗಿನವರಲ್ಲ, ಅದರೆದುರು ಕಬೂತರ್‌ಖಾನೆಯ ಬದಿಯಲ್ಲಿ ತಾಡಪಾಲು ಕಟ್ಟಿಕೊಂಡು ಸಾಲಾಗಿ ಕೂರುತ್ತಿದ್ದ ಪತ್ರ ಬರೆದುಕೊಡುವವರು. ಗಿರಣಿಗೆ, ಹೋಟೆಲಿಗೆ, ಬಂದರಿಗೆ ದುಡಿಯಲು ಬಂದವರ ಪರವಾಗಿ ಇವರು ಊರಿಗೆ ಕಾಗದ ಬರೆಯುತ್ತಿದ್ದರು, ಮನಿಯಾರ್ಡರ್ ಫಾರ್ಮು ತುಂಬುತ್ತಿದ್ದರು, ಫಾರ್ಮಿನ ಕೆಳಗಿನ ಅಂಗೈಯಗಲದ ಜಾಗದಲ್ಲಿ ‘ದುಡ್ಡು ಮುಟ್ಟಿದ್ದಕ್ಕೆ ಬರೆಯಿರಿ, ಅಮ್ಮನ ಔಷಧಿ ನಿಲ್ಲಿಸಬೇಡಿ’ ಎಂಬಂಥ ಎರಡು ಸಾಲು ಹಿಡಿಸುತ್ತಿದ್ದರು. ಯಾರ ಹೆಂಡತಿ ಮುನಿಸಿಕೊಂಡಿದ್ದಾಳೆ, ಯಾರ ಅಣ್ಣ ಗದ್ದೆ ಅಡವಿಟ್ಟಿದ್ದಾನೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಟೆಲಿಫೋನು ಬೂತುಗಳು ಅವರ ಕೆಲಸವನ್ನು ಅರ್ಧ ಕಸಿದವು, ಮೊಬೈಲು ಉಳಿದರ್ಧವನ್ನು. ಇಂದಿಗೂ ಉಳಿದ ಕೆಲವರು ಪಾರ್ಸೆಲ್ಲಿಗೆ ಬಟ್ಟೆ ಹೊಲಿದು ಅರಗು ಹಾಕಿಕೊಡುತ್ತಾರೆ.

ಅವರನ್ನು ನೆನೆಯುವುದು ಹಳೆಯ ಕಾಲ ಚೆಂದವಿತ್ತು ಎನ್ನುವುದಕ್ಕಲ್ಲ. ಈ ನಗರದಲ್ಲಿ ಸಂಪರ್ಕದ ತಂತ್ರಜ್ಞಾನ ಬದಲಾದಾಗಲೆಲ್ಲ ಅದನ್ನು ಸಾಮಾನ್ಯರ ಕೈಗೆ ಮುಟ್ಟಿಸಿದ್ದು ಯಂತ್ರಕ್ಕೂ ಜನಕ್ಕೂ ನಡುವೆ ಕೂತ ಒಬ್ಬ ಮನುಷ್ಯ. ಅಂಚೆಯ ಕಾಲಕ್ಕೆ ಪತ್ರ ಬರೆಯುವವನು, ಎಸ್‌ಟಿಡಿ ಕಾಲಕ್ಕೆ ಬೂತಿನವನು, ಆಮೇಲೆ ಸೈಬರ್ ಕೆಫೆಯವನು, ಕೇಬಲ್‌ವಾಲಾ, ಈಗ ಝೆರಾಕ್ಸ್ ಅಂಗಡಿಯವನು. ಇಂಟರ್ನೆಟ್ ಹೊತ್ತು ತಂದ ದೊಡ್ಡ ಭರವಸೆಯೇ ಈ ನಡುವಿನವನಿಲ್ಲದೆ ಕೆಲಸ ಆಗುತ್ತದೆ ಎಂಬುದು. ಬಹುಮಟ್ಟಿಗೆ ಅದು ನಿಜವೂ ಆಗಿದೆ. ಆದರೆ ಅವನನ್ನು ತೆಗೆಯುವಾಗ ಅವನು ಮಾಡುತ್ತಿದ್ದ ಕೆಲಸ ಏನೇನು ಎಂದು ಯಾರೂ ಪಟ್ಟಿ ಮಾಡಲಿಲ್ಲ. ಆ ಕೆಲಸ ಇಂದಿಗೂ ಬೇಕು, ಅದನ್ನು ಯಾರೋ ಮಾಡುತ್ತಲೂ ಇದ್ದಾರೆ, ಆದರೆ ಕದ್ದುಮುಚ್ಚಿ, ಸಂಬಳವಿಲ್ಲದೆ, ಹೊಣೆಯೂ ಇಲ್ಲದೆ. ಇಂಟರ್ನೆಟ್ಟಿನೊಂದಿಗಿನ ನಮ್ಮ ದಿನನಿತ್ಯದ ಗೋಳಿನ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ವಾದ.

ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಮುಂಬಯಿಯ ಮೊದಲ ಉತ್ಸಾಹಿಗಳಲ್ಲಿ ನಟ ಶಮ್ಮಿ ಕಪೂರ್ ಒಬ್ಬರು. ಬಳಕೆದಾರರ ಸಂಘ ಕಟ್ಟಿ ಅದರ ಅಧ್ಯಕ್ಷರೂ ಆಗಿದ್ದರು. ಆಗಿನ ದರ ಮತ್ತು ವೇಗದಲ್ಲಿ ಅದು ಉಳ್ಳವರ ಹವ್ಯಾಸವಾಗಿಯೇ ಉಳಿಯಬೇಕಿತ್ತು. ಅದನ್ನು ಬೋರಿವಲಿ, ಘಾಟ್ಕೋಪರ್, ಡೊಂಬಿವಲಿಗಳ ಓಣಿಗೆ ಇಳಿಸಿದ್ದು ಸೈಬರ್ ಕೆಫೆ. ಗಂಟೆಗಿಷ್ಟು ಎಂದು ಬಾಡಿಗೆ ತೆಗೆದುಕೊಳ್ಳುತ್ತಿದ್ದ ಅಲ್ಲಿನ ಹುಡುಗ ಕಂಪ್ಯೂಟರಿನ ಕಾವಲುಗಾರನಷ್ಟೇ ಆಗಿರಲಿಲ್ಲ. ಇ-ಮೇಲ್ ಖಾತೆ ತೆರೆದುಕೊಡುತ್ತಿದ್ದ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಡುತ್ತಿದ್ದ, ಕೊಲ್ಲಿ ದೇಶದ ನೌಕರಿಗೆ ಬಯೋಡೇಟಾ ಟೈಪ್ ಮಾಡುತ್ತಿದ್ದ, ಹತ್ತನೆಯ ತರಗತಿಯ ಫಲಿತಾಂಶದ ದಿನ ಬೀದಿಯ ಮಕ್ಕಳ ನಂಬರೆಲ್ಲ ಅವನ ಬಾಯಲ್ಲಿರುತ್ತಿತ್ತು. ಸರ್ಕಾರದ ಕಣ್ಣಿಗೆ ಅವನು ಕಂಡದ್ದು ಬೇರೆ ರೀತಿ. 2011ರಲ್ಲಿ ಬಂದ ಸೈಬರ್ ಕೆಫೆ ನಿಯಮಗಳು ಗ್ರಾಹಕರ ಗುರುತುಪತ್ರ ನೋಡಬೇಕು, ದಾಖಲೆಯನ್ನು ವರ್ಷ ಕಾಲ ಇಡಬೇಕು, ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು ಎಂದೆಲ್ಲ ವಿಧಿಸಿದವು. ಭದ್ರತೆಯ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅಡ್ಡಗೋಡೆಯ ಎತ್ತರ ಅಳೆದ ರಾಜ್ಯಕ್ಕೆ ಆ ಹುಡುಗ ಎಷ್ಟು ಸಾವಿರ ಜನರಿಗೆ ಕಂಪ್ಯೂಟರು ಕಲಿಸಿದ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಕೇಬಲ್‌ವಾಲಾನ ಕತೆಯೂ ಇದೇ. ಛಾವಣಿಯಿಂದ ಛಾವಣಿಗೆ ತಂತಿ ಎಳೆದು ನಗರವನ್ನು ಜೇಡರ ಬಲೆ ಮಾಡಿಬಿಟ್ಟ ಎಂದು ಎಲ್ಲರೂ ಬೈದರು. ಜುಲೈ ಮಳೆಯಲ್ಲಿ ಲೈನು ಹೋದಾಗ ಕೊಡೆ ಹಿಡಿದು ಮೂರನೆಯ ಮಹಡಿಗೆ ಬಂದವನೂ ಅವನೇ.

ಯಂತ್ರ ಇಟ್ಟರೆ ಮನುಷ್ಯ ಬೇಡ ಎಂಬ ನಂಬಿಕೆ ಎಷ್ಟು ದೂರ ನಡೆಯುತ್ತದೆ ಎಂದು ನೋಡಲು ಯಾವುದೇ ಲೋಕಲ್ ಸ್ಟೇಷನ್ ಸಾಕು. ಟಿಕೆಟ್ ಕಿಟಕಿಯ ಸಾಲು ಕರಗಿಸಲೆಂದು ರೈಲ್ವೆಯವರು ಸ್ವಯಂಚಾಲಿತ ಯಂತ್ರಗಳನ್ನು ಇಟ್ಟರು. ಸ್ಮಾರ್ಟ್ ಕಾರ್ಡ್ ಇಡಬೇಕು, ಪರದೆಯ ನಕಾಶೆಯಲ್ಲಿ ಊರು ಒತ್ತಬೇಕು, ಒಂಟಿಯೋ ರಿಟರ್ನೋ ಹೇಳಬೇಕು, ಮಂದಿ ಎಷ್ಟು ಎನ್ನಬೇಕು. ಹಿಂದೆ ಇಪ್ಪತ್ತು ಜನ, ಪ್ಲಾಟ್‌ಫಾರ್ಮಿಗೆ ಗಾಡಿ ಬಂದ ಸದ್ದು. ಇಂಥ ಹೊತ್ತಲ್ಲಿ ಪರದೆ ಓದಿಕೊಂಡು ನಿಲ್ಲಲು ಯಾರಿಂದಾದೀತು? ಜನ ಮತ್ತೆ ಕಿಟಕಿಯ ಸಾಲಿಗೇ ಹೋದರು. ಕೊನೆಗೆ ರೈಲ್ವೆ ಮಾಡಿದ್ದು ಬಹಳ ವ್ಯಾವಹಾರಿಕವಾದ ಕೆಲಸ: ನಿವೃತ್ತ ನೌಕರರನ್ನು ಕಮಿಷನ್ ಮೇಲೆ ಆ ಯಂತ್ರದ ಪಕ್ಕದಲ್ಲಿ ನಿಲ್ಲಿಸಿತು. ‘ಅಂಧೇರಿ ರಿಟರ್ನ್, ದೋ’ ಎಂದರೆ ಆತ ಪರದೆ ನೋಡದೆಯೇ ನಾಲ್ಕು ಕಡೆ ಬೆರಳಾಡಿಸುತ್ತಾನೆ, ಚೀಟಿ ಹರಿದು ಕೈಗಿಡುತ್ತಾನೆ, ಚಿಲ್ಲರೆ ಎಣಿಸುವಾಗಲೇ ಮುಂದಿನವನ ಊರು ಕೇಳಿರುತ್ತಾನೆ. ಮನುಷ್ಯನ ಬದಲಿಗೆ ಬಂದ ಯಂತ್ರಕ್ಕೆ ಮನುಷ್ಯನನ್ನೇ ಜೋಡಿಸಿದ್ದು ನಗುವ ಸಂಗತಿಯಂತೆ ಕಾಣಬಹುದು. ನನಗಂತೂ ಈ ನಗರದಲ್ಲಿ ಕಂಡ ಅತಿ ವಿವೇಕದ ತಾಂತ್ರಿಕ ನಿರ್ಧಾರಗಳಲ್ಲಿ ಇದೂ ಒಂದು ಎನಿಸುತ್ತದೆ. ಆತನಿಗೆ ಹೆಸರಿದೆ, ಪರವಾನಗಿ ಇದೆ, ಕಮಿಷನ್ ಎಷ್ಟೆಂಬುದು ನಿಗದಿಯಾಗಿದೆ.

2016 ಎಲ್ಲವನ್ನೂ ಒಟ್ಟಿಗೆ ತಂದ ವರ್ಷ. ಏಪ್ರಿಲಿನಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕಚೇರಿಯಿರುವ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ಆರಂಭಿಸಿತು, ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ನೆಲಕ್ಕಿಳಿಯಿತು, ನವೆಂಬರಿನಲ್ಲಿ ನೋಟು ರದ್ದತಿ. ನಾಕಾದಲ್ಲಿ ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯವರ ಜೇಬಿಗೂ ಸ್ಮಾರ್ಟ್‌ಫೋನ್ ಬಂತು. ಕುಂದಾಪುರದ ಕಡೆಯಿಂದ ಬಂದ ಹೋಟೆಲ್ ಮಾಣಿ ಸಂಬಳದ ದಿನ ರಾತ್ರಿಯೇ ಊರಿಗೆ ದುಡ್ಡು ಹಾಕುವಂತಾಯಿತು. ಮನಿಯಾರ್ಡರಿಗೆ ವಾರ ಕಾದ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ. 2025ರ ಆಗಸ್ಟಿನಲ್ಲಿ ಯುಪಿಐ ವಹಿವಾಟು ತಿಂಗಳಿಗೆ 2,000 ಕೋಟಿ ಸಲ ದಾಟಿತು. ವಡಾಪಾವ್ ಗಾಡಿಯ ಪೆಟ್ಟಿಗೆ ‘ಇಪ್ಪತ್ತು ರೂಪಾಯಿ ಬಂತು’ ಎಂದು ಕೂಗಿ ಹೇಳುತ್ತದೆ, ಗಾಡಿಯವನು ಎಣ್ಣೆಯಿಂದ ಕಣ್ಣು ತೆಗೆಯಬೇಕಿಲ್ಲ.

ಇದೇ ಅವಧಿಯಲ್ಲಿ ಉಪನಗರದ ಪ್ರತಿ ಸ್ಟೇಷನ್ ರಸ್ತೆಯಲ್ಲೂ ಒಂದು ಅಂಗಡಿ ಬೆಳೆಯಿತು. ಹತ್ತಡಿ ಅಗಲ, ಅದರಲ್ಲೊಂದು ಝೆರಾಕ್ಸ್ ಯಂತ್ರ, ಲ್ಯಾಮಿನೇಷನ್ನಿನ ಬಿಸಿ ವಾಸನೆ, ಪಾಸ್‌ಪೋರ್ಟ್ ಫೋಟೋಕ್ಕೆ ಬಿಳಿ ಪರದೆ, ಬೆರಳಚ್ಚು ಒತ್ತುವ ಪುಟ್ಟ ಡಬ್ಬಿ. ಹೊರಗಿನ ಫಲಕದಲ್ಲಿ ಆಧಾರ್, ಪ್ಯಾನ್, ವೋಟರ್ ಕಾರ್ಡ್, ಪಿಎಫ್, ರೇಷನ್, ತತ್ಕಾಲ್, ಲೈಟ್ ಬಿಲ್ ಎಂದು ರಾಜ್ಯದ ಅರ್ಧ ಇಲಾಖೆಗಳ ಹೆಸರಿರುತ್ತವೆ. ಒಳಗಿನಿಂದ ದಿನಕ್ಕೆ ನೂರು ಸಲ ಕೇಳುವ ಮಾತು ಒಂದೇ: ‘ಓಟಿಪಿ ಆಯಾ ಕ್ಯಾ?’ ಎದುರು ನಿಂತವರು ಫೋನನ್ನೇ ಅವನ ಕೈಗೆ ಕೊಟ್ಟುಬಿಡುತ್ತಾರೆ. ಸಂದೇಶ ಇಂಗ್ಲಿಷಿನಲ್ಲಿ, ಅಕ್ಷರ ಸಣ್ಣದು, ಗಡುವು ಕೆಲವೇ ನಿಮಿಷ. ಸರ್ಕಾರವೂ ಬ್ಯಾಂಕುಗಳೂ ‘ಮನೆಯಲ್ಲೇ ಕುಳಿತು ಮಾಡಿ’ ಎಂದು ಜಾಹೀರಾತು ಕೊಡುವ ಕೆಲಸಗಳಿಗೆಲ್ಲ ಜನ ಚಪ್ಪಲಿ ಮೆಟ್ಟಿಕೊಂಡು ಇಲ್ಲಿಗೆ ಬರುತ್ತಾರೆ.

ಏಕೆ ಬರುತ್ತಾರೆ? ಓದು ಬಾರದ್ದಕ್ಕೆ ಎನ್ನುವುದು ಅರ್ಧ ಉತ್ತರ. ಬಿ.ಕಾಂ. ಮುಗಿಸಿದವರೂ ಬರುತ್ತಾರೆ. ಯಂತ್ರ ಸರಿಯಾಗಿ ನಡೆಯುವಾಗ ಯಾರೂ ಬೇಡ. ಎಡವಿದಾಗ ‘ಇದೇನಾಯಿತು’ ಎಂದು ಕೇಳಲು ಒಂದು ಮುಖ ಬೇಕು. ಪಾವತಿ ಸಿಕ್ಕಿಹಾಕಿಕೊಂಡದ್ದನ್ನೇ ನೋಡಿ. ನಮ್ಮ ಖಾತೆಯಿಂದ ಹಣ ಹೋಗಿ ಎದುರಿನವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲೇ ಆದೇಶಿಸಿದೆ. ಇಷ್ಟು ಒಳ್ಳೆಯ ನಿಯಮ ಇದ್ದೂ ಅದನ್ನು ಬಲ್ಲವರು ಎಷ್ಟು ಮಂದಿ? ಆ್ಯಪ್ ಅದನ್ನು ಹೇಳುವುದಿಲ್ಲ, ‘ನಿಮ್ಮ ಸಹನೆಗೆ ಧನ್ಯವಾದ’ ಎನ್ನುತ್ತದೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಇದು ಯಾರದೋ ದುಷ್ಟತನ ಎಂದು ತಿಳಿಯಬೇಕಿಲ್ಲ, ಲೆಕ್ಕಾಚಾರ ಸರಳ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ, ಗ್ರಾಹಕರಂತೂ ಕೊಡುವುದಿಲ್ಲ. ಪುಕ್ಕಟೆ ನಡೆಯುವ ವ್ಯವಸ್ಥೆಯಲ್ಲಿ ಮೊದಲು ಕತ್ತರಿ ಬೀಳುವುದು ಫೋನೆತ್ತಿ ಮಾತಾಡುವ ಮನುಷ್ಯನ ಸಂಬಳಕ್ಕೆ.

ನಡುವಿನವನು ಬೇಕು ಎಂದು ಸರ್ಕಾರಕ್ಕೇ ಗೊತ್ತು ಎನ್ನಲು ಮಹಾರಾಷ್ಟ್ರದಲ್ಲೇ ಸಾಕ್ಷಿ ಇದೆ. 2024ರಲ್ಲಿ ‘ಮುಖ್ಯಮಂತ್ರಿ ಮಾಝಿ ಲಾಡ್ಕಿ ಬಹೀಣ್’ ಯೋಜನೆ ಬಂತು. ಅರ್ಹ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ. ಅರ್ಜಿಗೆ ‘ನಾರೀಶಕ್ತಿ ದೂತ’ ಎಂಬ ಆ್ಯಪ್ ಮಾಡಿದರು. ಆ್ಯಪ್ ಇದ್ದರೂ ಅರ್ಜಿ ತುಂಬಿಕೊಡಲು ಅಂಗನವಾಡಿ ಸೇವಿಕೆಯರನ್ನು ಕರೆದು, ಅರ್ಜಿಯೊಂದಕ್ಕೆ 50 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಘೋಷಿಸಿದರು. ಅಂದರೆ ಒಂದು ಡಿಜಿಟಲ್ ಅರ್ಜಿಯ ಹಿಂದಿನ ಮನುಷ್ಯ ಶ್ರಮಕ್ಕೆ ಸರ್ಕಾರವೇ ಬೆಲೆ ಕಟ್ಟಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಕಡ್ಡಾಯವಾದಾಗ ಆ ಪಾಠ ಮರೆತುಹೋಯಿತೇನೋ. ತನ್ನ ಆಧಾರ್ ಜತೆಗೆ ಗಂಡನ ಅಥವಾ ತಂದೆಯ ಆಧಾರ್ ಸಂಖ್ಯೆ, ಅವರ ಮೊಬೈಲಿಗೆ ಬರುವ ಓಟಿಪಿ ಬೇಕು ಎಂದಿತು ಜಾಲತಾಣ. ಗಂಡನೂ ತಂದೆಯೂ ತೀರಿಕೊಂಡ ಹೆಂಗಸು ಯಾರ ಓಟಿಪಿ ತರಬೇಕು? ಎದುರು ಕೂತ ಅಂಗನವಾಡಿ ಸೇವಿಕೆಗೆ ಅರೆ ಕ್ಷಣದಲ್ಲಿ ಅರ್ಥವಾಗುವ ಈ ಸಂಗತಿ ಜಾಲತಾಣಕ್ಕೆ ಅರ್ಥವಾಗಲು ತಿಂಗಳುಗಳು ಹಿಡಿದವು. ಗಡುವು ಮುಂದಕ್ಕೆ ಹೋಯಿತು.

ಇಲ್ಲಿ ಬಲವಾದ ಆಕ್ಷೇಪ ಒಂದಿದೆ. ದಲ್ಲಾಳಿಗಳ ಕಾಟ ತಪ್ಪಲೆಂದೇ ತಾನೆ ಇದೆಲ್ಲ ಬಂದದ್ದು? ಆರ್‌ಟಿಓ ಎದುರಿನ ಏಜೆಂಟು, ತತ್ಕಾಲ್ ಟಿಕೆಟ್ ಕಾಳಸಂತೆಯವನು, ರೇಷನ್ ಕಾರ್ಡಿಗೆ ಲಂಚ ಕೇಳುವವನು, ಇವರನ್ನೆಲ್ಲ ಇಂಟರ್ನೆಟ್ ಕಡಿಮೆ ಮಾಡಿದೆ ಎಂಬುದು ದಿಟ. ನಡುವಿನವನೇ ಮೋಸ ಮಾಡುವುದೂ ಉಂಟು. ಇದೇ ಲಾಡ್ಕಿ ಬಹೀಣ್ ಯೋಜನೆಯಲ್ಲಿ 14,000ಕ್ಕೂ ಹೆಚ್ಚು ಗಂಡಸರ ಹೆಸರಿಗೆ ಹಣ ಹೋಗಿದೆ ಎಂದು 2025ರಲ್ಲಿ ವರದಿಯಾಯಿತು. ಯಾರೋ ಕೂತು ಆ ಅರ್ಜಿಗಳನ್ನು ತುಂಬಿರಲೇಬೇಕಲ್ಲ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇಡೀ ಬೀದಿಯ ಆಧಾರ್ ಪ್ರತಿಗಳು ಬಿದ್ದಿರುವುದು ಸಮಾಧಾನದ ವಿಷಯವೂ ಅಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಒಪ್ಪಲಾರೆ. ಮೋಸ ನಡೆಯುವುದು ಅವನು ಇರುವುದರಿಂದಲ್ಲ, ಅವನು ಇಲ್ಲವೆಂದು ನಾವು ನಟಿಸುವುದರಿಂದ. ಟಿಕೆಟ್ ಯಂತ್ರದ ಪಕ್ಕದ ನಿವೃತ್ತ ನೌಕರ ಹೆಚ್ಚಿಗೆ ಕೇಳಿದರೆ ಸ್ಟೇಷನ್ ಮಾಸ್ತರರ ಬಳಿ ದೂರಬಹುದು. ಝೆರಾಕ್ಸ್ ಅಂಗಡಿಯವನು ಇ-ಕೆವೈಸಿಗೆ ಐವತ್ತು ಕೇಳಲಿ, ಇನ್ನೂರು ಕೇಳಲಿ, ದೂರುವುದು ಎಲ್ಲಿ? ಕಾಗದದ ಮೇಲೆ ಆ ಕೆಲಸವನ್ನು ಮಾಡಿದವರು ನೀವೇ, ನಿಮ್ಮ ಮನೆಯಲ್ಲೇ ಕುಳಿತು.

ನಡುವಿನವನ ಕುರ್ಚಿ ಖಾಲಿ ಬಿಟ್ಟರೆ ಅದರಲ್ಲಿ ಬಂದು ಕೂರುವವರು ಯಾರು ಎಂಬುದನ್ನೂ ನೋಡಬೇಕು. ಪೊಲೀಸರೆಂದು ನಂಬಿಸಿ ಫೋನಿನಲ್ಲೇ ‘ಬಂಧಿಸಿ’ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಮತ್ತು ಅದಕ್ಕೆ ಸಂಬಂಧಿಸಿದ ವಂಚನೆಗಳಲ್ಲಿ 2024ರಲ್ಲಿ ದೇಶದಾದ್ಯಂತ 1,935 ಕೋಟಿ ರೂಪಾಯಿ ಹೋಯಿತೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಹಾಗೊಂದು ಬಂಧನ ಕಾನೂನಿನಲ್ಲೇ ಇಲ್ಲ ಎಂದು ಪ್ರಧಾನಿಯೇ ರೇಡಿಯೋದಲ್ಲಿ ಹೇಳಿದ ಮೇಲೂ ವಿದ್ಯಾವಂತರೇ ಸಿಕ್ಕಿಬೀಳುತ್ತಿದ್ದಾರೆ. ಬುದ್ಧಿ ಇಲ್ಲ ಎಂದು ಅವರನ್ನು ಜರೆಯುವುದು ಸುಲಭ. ಆದರೆ ವಂಚಕನ ಗುಣಗಳನ್ನು ಗಮನಿಸಿ: ಅವನು ತಾನಾಗಿ ಫೋನ್ ಮಾಡುತ್ತಾನೆ, ನಿಮ್ಮ ಭಾಷೆಯಲ್ಲಿ ಮಾತಾಡುತ್ತಾನೆ, ಗಂಟೆಗಟ್ಟಲೆ ಲೈನಿನಲ್ಲಿರುತ್ತಾನೆ, ಯಾವ ಗುಂಡಿ ಒತ್ತಬೇಕು ಎಂದು ತಾಳ್ಮೆಯಿಂದ ಹೇಳಿಕೊಡುತ್ತಾನೆ. ಬ್ಯಾಂಕು ನಿಲ್ಲಿಸಿಬಿಟ್ಟ ಸೇವೆಯನ್ನೆಲ್ಲ ಕೊಡುವವನು ಈಗ ಕಳ್ಳನೊಬ್ಬನೇ. ದಕ್ಷಿಣ ಮುಂಬಯಿಯ ವೃದ್ಧೆಯೊಬ್ಬರು ತಿಂಗಳುಗಟ್ಟಲೆ ಇಂಥ ಹಿಡಿತದಲ್ಲಿದ್ದು 20 ಕೋಟಿಗೂ ಹೆಚ್ಚು ಕಳೆದುಕೊಂಡ ಪ್ರಕರಣದಲ್ಲಿ, ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿ ಮಗಳಿಗೆ ತಿಳಿಸಿದ್ದು ಮನೆಗೆಲಸದಾಕೆ ಎಂದು ಪತ್ರಿಕೆಗಳು ಬರೆದವು. ಅಷ್ಟು ದಿನ ಅಷ್ಟು ಹಣ ಹರಿದುಹೋದ ದಾರಿಯಲ್ಲಿ ಅನುಮಾನಪಟ್ಟ ಕಣ್ಣು ಅದೊಂದೇ. ಸೈಬರ್ ವಂಚನೆಯ ದೂರಿಗೆಂದು ಇರುವ 1930 ಸಹಾಯವಾಣಿ ಒಳ್ಳೆಯ ವ್ಯವಸ್ಥೆ. ಆದರೆ ಮೋಸ ಎಂದು ಗೊತ್ತಾದ ಮೇಲಷ್ಟೇ ಅದಕ್ಕೆ ಫೋನ್ ಮಾಡುತ್ತೇವೆ.

ಹಾಗಾದರೆ ಇದನ್ನೆಲ್ಲ ಜನರಿಗೇ ಕಲಿಸಿಬಿಡೋಣ ಎಂಬ ಸಲಹೆ ಮುಂಬಯಿ ಕನ್ನಡಿಗರಿಗೆ ಸಹಜವಾಗಿಯೇ ಬರುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರನ್ನು ರಾತ್ರಿ ಶಾಲೆಗೆ ಕರೆದು ಮ್ಯಾಟ್ರಿಕ್ ಮಾಡಿಸಿದ ಸಮುದಾಯ ಇದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ಕೆಲಸಕ್ಕೆ ಹೆಗಲು ಕೊಟ್ಟವು. ಆ ಶಾಲೆಗಳಲ್ಲಿ ಕಲಿತವರು ವಕೀಲರಾದರು, ಹೋಟೆಲ್ ಮಾಲೀಕರಾದರು. ಹಾಗಿದ್ದರೆ ಡಿಜಿಟಲ್ ರಾತ್ರಿ ಶಾಲೆ ಯಾಕಾಗದು? ಆಗಲಿ, ತಡೆಯುವವರಾರು. ಆದರೆ ಒಮ್ಮೆ ಕಲಿತ ಅಕ್ಷರಮಾಲೆ ಸಾಯುವತನಕ ಅದೇ ಇರುತ್ತದೆ, ಆ್ಯಪ್ ಹಾಗಲ್ಲ. 2014ರ ಕೊನೆಯಲ್ಲಿ ಲೋಕಲ್ ರೈಲಿಗೆ ಮೊಬೈಲ್ ಟಿಕೆಟ್ ಬಂದಾಗ ಫೋನಿನಲ್ಲಿ ಕೊಂಡ ಟಿಕೆಟನ್ನು ಸ್ಟೇಷನ್ನಿನ ಯಂತ್ರದಲ್ಲಿ ಮುದ್ರಿಸಿಕೊಳ್ಳಬೇಕಿತ್ತು. ಮರುವರ್ಷ ಕಾಗದ ಬೇಡವಾಯಿತು, ಆದರೆ ಸ್ಟೇಷನ್ನಿನಿಂದ ಇಷ್ಟು ದೂರ ನಿಂತೇ ಕೊಳ್ಳಬೇಕೆಂದಾಯಿತು. ಆಮೇಲೆ ಸ್ಟೇಷನ್ನಿನಲ್ಲಿ ಕ್ಯೂಆರ್ ಅಂಟಿಸಿದರು. 2025ರ ಜುಲೈನಲ್ಲಿ ರೈಲ್‌ಒನ್ ಎಂಬ ಹೊಸ ಆ್ಯಪ್ಪೇ ಬಂತು. ಹತ್ತು ವರ್ಷದಲ್ಲಿ ಒಂದು ಸಣ್ಣ ಲೋಕಲ್ ಟಿಕೆಟಿಗೆ ಇಷ್ಟು ಪಾಠ. ಇದು ಹಿರಿಯರ ತಲೆಮಾರಿನ ತೊಂದರೆ, ಅವರು ಹೋದ ಮೇಲೆ ಪರಿಹಾರವಾಗುತ್ತದೆ ಎನ್ನುವವರು ಇದನ್ನು ಯೋಚಿಸಬೇಕು. ಸೈಬರ್ ಕೆಫೆಯಲ್ಲಿ ಚುರುಕಾಗಿದ್ದ ಹುಡುಗರಿಗೆ ಈಗ ನಲವತ್ತೈದು ದಾಟಿದೆ. ಕನ್ನಡಕ ಹಣೆಗೇರಿಸಿ ಮಗನನ್ನು ಕರೆಯುವ ಸರದಿ ಅವರದು.

ಮನೆಯ ಮಕ್ಕಳಿದ್ದಾರಲ್ಲ ಎಂದರೆ, ಇದು ವಲಸಿಗರ ನಗರ. ಹೋಟೆಲಿನ ಅಟ್ಟದ ಮೇಲೆ ಮಲಗುವವನ ಮಕ್ಕಳು ಊರಲ್ಲಿದ್ದಾರೆ, ಮುಲುಂಡಿನ ಫ್ಲಾಟಿನ ಅಜ್ಜನ ಮಕ್ಕಳು ಅಮೆರಿಕದಲ್ಲಿ. ಕೃತಕ ಬುದ್ಧಿಮತ್ತೆ ಕನ್ನಡದಲ್ಲೇ ಮಾತಾಡಿ ಎಲ್ಲ ಮಾಡಿಕೊಡುತ್ತದೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಭಾಷೆಯ ಗೋಡೆ ಅದರಿಂದ ನಿಜಕ್ಕೂ ತಗ್ಗಬಹುದು. ಆದರೆ ಇಪ್ಪತ್ತು ವರ್ಷ ಪಾತ್ರೆ ತಿಕ್ಕಿ ಬೆರಳ ರೇಖೆ ಸವೆದವನ ಗುರುತನ್ನು ಯಂತ್ರ ಒಪ್ಪದಿದ್ದರೆ, ಆ ನಿರಾಕರಣೆಯನ್ನು ಶುದ್ಧ ಕನ್ನಡದಲ್ಲಿ ಕೇಳಿಸಿಕೊಂಡು ಅವನಿಗಾಗಬೇಕಾದ್ದೇನು? ಅವನಿಗೆ ಬೇಕಾದದ್ದು ಯಂತ್ರದ ತೀರ್ಪನ್ನು ಬದಿಗಿಟ್ಟು ‘ಇವನು ಇವನೇ’ ಎಂದು ಬರೆದು ಸಹಿ ಹಾಕುವ ಅಧಿಕಾರ ಇರುವ ಒಬ್ಬ ವ್ಯಕ್ತಿ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬಹುತೇಕ ಇದನ್ನೇ. ಆ್ಯಸಿಡ್ ದಾಳಿಗೆ ಒಳಗಾದವರು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾರದೆ ಕೆವೈಸಿಯಲ್ಲಿ ಬಿದ್ದುಹೋಗುತ್ತಿದ್ದರು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದ ನ್ಯಾಯಾಲಯ, ತಿರಸ್ಕೃತವಾದ ಅರ್ಜಿಗಳನ್ನು ಮನುಷ್ಯರೇ ಮರುಪರಿಶೀಲಿಸುವ ವ್ಯವಸ್ಥೆ ಇರಬೇಕೆಂದು ನಿರ್ದೇಶಿಸಿತು. ಅಂಗವೈಕಲ್ಯ ಇರುವವರಿಗೆ ಕೊಟ್ಟ ಈ ಬಾಗಿಲನ್ನು ಎಲ್ಲರಿಗೂ ತೆರೆಯಲು ಹೊಸ ತತ್ವವೇನೂ ಬೇಕಿಲ್ಲ.

ಬೇಕಾದದ್ದು ದುಡ್ಡು, ಅದೂ ಸರ್ಕಾರದ ಖಜಾನೆಯಿಂದ ಆಗಲೇ ಹೊರಡುತ್ತಿದೆ. ಸಣ್ಣ ವ್ಯಾಪಾರಿಗಳು 2,000 ರೂಪಾಯಿವರೆಗಿನ ಪಾವತಿಯನ್ನು ಯುಪಿಐನಲ್ಲಿ ಪಡೆದಾಗ ಅದರ ಖರ್ಚು ತುಂಬಿಕೊಡಲೆಂದು ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ, 2024-25ನೇ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಹಣ ವ್ಯಾಪಾರಿಯ ಬ್ಯಾಂಕಿಗೆ ಹೋಗಿ, ಅಲ್ಲಿಂದ ಗ್ರಾಹಕನ ಬ್ಯಾಂಕಿಗೂ ಆ್ಯಪ್ ಕಂಪನಿಗೂ ಹಂಚಿಕೆಯಾಗುತ್ತದೆ. ಅಂಗಡಿಗಳಿಗೆ ಆ್ಯಪ್ ಹಾಕಿಕೊಟ್ಟು, ಓಟಿಪಿ ಓದಿ ಹೇಳಿ, ಸಿಕ್ಕಿಬಿದ್ದ ಪಾವತಿಗೆ ಯಾವ ಬ್ಯಾಂಕಿಗೆ ಏನೆಂದು ಬರೆಯಬೇಕೆಂದು ಹೇಳಿಕೊಡುವವನ ಹೆಸರು ಆ ಪಾಲಿನ ಪಟ್ಟಿಯಲ್ಲಿಲ್ಲ.